ಸೆಕೆಂಡಿಗೆ ಎಷ್ಟು? ಹೊಸ ಬ್ಲಾಕ್‌ಚೈನ್ ಮಾಲೀಕರಿಗೊಂದು ಬಳಕೆಯ ಕೈಪಿಡಿ

ಮೊದಲು ಇದನ್ನು ಓದಿ

ಹೊಸ ಬ್ಲಾಕ್‌ಚೈನ್ ಕೊಂಡಿದ್ದಕ್ಕೆ ಅಭಿನಂದನೆಗಳು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಇವಿಷ್ಟು ಇರಬೇಕು: ಒಂದು ಶ್ವೇತಪತ್ರ, ಒಂದು ಲಾಂಛನ, ಒಂದು ಟೋಕನ್ ಮತ್ತು ಒಂದು ಸಂಖ್ಯೆ. ಸಂಖ್ಯೆಯ ಬಾಲಕ್ಕೆ ‘ಟಿಪಿಎಸ್’ ಎಂದು ಅಂಟಿಸಿರುತ್ತಾರೆ. ಸೆಕೆಂಡಿಗೆ ಇಷ್ಟು ವಹಿವಾಟು ಎಂದು ಅದರ ಅರ್ಥ. ನಾಲ್ಕರಲ್ಲಿ ಯಾವುದಾದರೂ ಕಾಣದಿದ್ದರೆ ಗಾಬರಿ ಬೇಡ, ಸಂಖ್ಯೆಯೊಂದಿದ್ದರೆ ಮಾರಾಟಕ್ಕೆ ಸಾಕು. ಯಂತ್ರ ಎಲ್ಲಿ ಎಂದು ಯಾರಾದರೂ ಕೇಳಿದರೆ ಮುಂದಿನ ತ್ರೈಮಾಸಿಕದಲ್ಲಿ ಬರುತ್ತದೆ ಎನ್ನಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಈ ಕಸುಬಿನಲ್ಲಿ ವಾಡಿಕೆ.

ಚಾಲೂ ಮಾಡುವ ಮುನ್ನ ಯಂತ್ರದ ಸ್ವಭಾವ ತಿಳಿದಿರಲಿ. ಒಂದನ್ನೊಂದು ನಂಬದ ನೂರಾರು, ಸಾವಿರಾರು ಕಂಪ್ಯೂಟರುಗಳು ಸೇರಿ ಒಂದೇ ಲೆಕ್ಕದ ಪುಸ್ತಕ ಇಟ್ಟುಕೊಂಡಿರುತ್ತವೆ. ಯಾರೋ ಯಾರಿಗೋ ಹಣ ಕೊಟ್ಟರೆ ಆ ಒಂದು ಸಾಲನ್ನು ಪ್ರತಿಯೊಂದು ಕಂಪ್ಯೂಟರೂ ತಾನೇ ಪರೀಕ್ಷಿಸಬೇಕು, ತಾನೇ ಬರೆದುಕೊಳ್ಳಬೇಕು, ಮೇಲಾಗಿ ಯಾವ ಸಾಲು ಮೊದಲು ಯಾವುದು ಆಮೇಲೆ ಎಂಬುದಕ್ಕೆ ಎಲ್ಲರ ಒಪ್ಪಿಗೆಯೂ ಬೇಕು. ಬೇರೆ ಯಂತ್ರಗಳಲ್ಲಿ ಕಂಪ್ಯೂಟರ್ ಹೆಚ್ಚಿಸಿದರೆ ಕೆಲಸ ಹಂಚಿಹೋಗುತ್ತದೆ. ಇಲ್ಲಿ ಅದೇ ಕೆಲಸ ಅಷ್ಟು ಸಲ ನಡೆಯುತ್ತದೆ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬುದನ್ನು ಚೆನ್ನಾಗಿ ಬಲ್ಲವರೇ ಬೇಕೆಂದು ಹತ್ತು ಸಾವಿರ ಜನರನ್ನು ಸೇರಿಸಿ ಕಟ್ಟಿದ ಯಂತ್ರ ಇದು. ಒಬ್ಬರ ಕೈಗೂ ಕೋಲು ಪೂರ್ತಿ ಸಿಗಬಾರದು ಎಂಬುದೇ ಅವರ ಉದ್ದೇಶವಾಗಿತ್ತು.

ಬರೀ ವೇಗ ಬೇಕಿದ್ದವರು ಈ ಪೆಟ್ಟಿಗೆಯನ್ನು ಬಿಲ್ಲಿನ ಸಮೇತ ಹಿಂತಿರುಗಿಸಬಹುದು. ನಮ್ಮ ಯುಪಿಐ 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿ ವಹಿವಾಟು ದಾಟಿತು. ಭಾಗಿಸಿ ನೋಡಿದರೆ ಹಗಲು ರಾತ್ರಿ ಸೇರಿ ಸೆಕೆಂಡಿಗೆ ಸರಾಸರಿ 7,400ಕ್ಕೂ ಹೆಚ್ಚು. ಅದರ ಹಿಂದೆ ಬ್ಲಾಕ್‌ಚೈನ್ ಇಲ್ಲ. ಬ್ಯಾಂಕುಗಳಿವೆ, ನಡುವೆ ಎನ್‌ಪಿಸಿಐ ಎಂಬ ಒಂದು ಸಂಸ್ಥೆ ಇದೆ, ನಾವೆಲ್ಲ ಅದನ್ನು ನಂಬಿದ್ದೇವೆ. ನಂಬಿಕೆ ಇದ್ದಲ್ಲಿ ಕೆಲಸ ಬೇಗ ಮುಗಿಯುತ್ತದೆ. ನಂಬಲು ಒಲ್ಲದವರು ಮುಂದಿನ ಪುಟಕ್ಕೆ ಬನ್ನಿ.

ವೇಗಮಾಪಕ ಓದುವ ಬಗೆ

ಸಂಖ್ಯೆ ಎಲ್ಲಿಂದ ಬಂತು ಎಂದು ಗಿರಾಕಿ ಪಟ್ಟು ಹಿಡಿದರೆ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಬಿಟ್‌ಕಾಯಿನ್‌ನಿಂದ ಶುರು ಮಾಡುವುದು ಮರ್ಯಾದೆ. 2009ರ ಜನವರಿಯಿಂದ ಓಡುತ್ತಿರುವ ಹಿರಿಯ ಗಾಡಿ ಅದು. ಅದರ ಕರ್ತೃ ಸತೋಷಿ ನಕಮೊಟೊ 2010ರಲ್ಲಿ ಬ್ಲಾಕಿಗೆ, ಅಂದರೆ ಲೆಕ್ಕದ ಪುಸ್ತಕದ ಒಂದು ಪುಟಕ್ಕೆ, 1 ಎಂಬಿ ಮಿತಿ ಹಾಕಿದ. ಬ್ಲಾಕ್ ಸರಾಸರಿ 10 ನಿಮಿಷಕ್ಕೊಂದು. ವಹಿವಾಟಿಗೆ 250 ಬೈಟ್ ಹಿಡಿದರೆ ಒಂದು ಬ್ಲಾಕಿನಲ್ಲಿ 4,000 ಹಿಡಿಯುತ್ತವೆ. 600 ಸೆಕೆಂಡಿನಿಂದ ಭಾಗಿಸಿ: 6.67. ‘ಬಿಟ್‌ಕಾಯಿನ್ ಅಂದರೆ ಸೆಕೆಂಡಿಗೆ ಏಳು’ ಎಂದು ಲೋಕವೆಲ್ಲ ಹೇಳುವ ಮಾತು ಹುಟ್ಟಿದ್ದು ಇಷ್ಟರಲ್ಲೇ. ಅದೇ ವಹಿವಾಟು 500 ಬೈಟ್ ತೂಗಿದರೆ ಸಂಖ್ಯೆ ಮೂರು ಚಿಲ್ಲರೆಗೆ ಇಳಿಯುತ್ತದೆ. ಯಂತ್ರ ಬದಲಾಗಿಲ್ಲ, ಸರಂಜಾಮು ದಪ್ಪವಾಯಿತು ಅಷ್ಟೆ.

ಆ 10 ನಿಮಿಷವನ್ನೂ ಗಡಿಯಾರದಂತೆ ನಂಬಬೇಡಿ. ಅದು ಸರಾಸರಿ. ಒಂದು ಬ್ಲಾಕ್ ಅರ್ಧ ನಿಮಿಷದಲ್ಲಿ ಬರಬಹುದು, ಮುಂದಿನದು ಮುಕ್ಕಾಲು ಗಂಟೆ ಕಾಯಿಸಬಹುದು. ಬ್ಲಾಕ್ ಬರೆಯುವ ಹಕ್ಕಿಗಾಗಿ ಕಂಪ್ಯೂಟರುಗಳು ಗಣಿತದ ಒಗಟು ಬಿಡಿಸುತ್ತವೆ, ಅದಕ್ಕೇ ಗಣಿಗಾರಿಕೆ ಎಂದು ಹೆಸರು. 2,016 ಬ್ಲಾಕಿಗೊಮ್ಮೆ ಯಂತ್ರ ಆ ಒಗಟಿನ ಕಷ್ಟವನ್ನು ತಾನೇ ತಿದ್ದಿಕೊಂಡು ಹಾದಿಗೆ ಬರುತ್ತದೆ.

ಇಥೀರಿಯಮ್ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಲ್ಲಿ ಗಾತ್ರ ಅಳೆಯುವುದಿಲ್ಲ, ದುಡಿಮೆ ಅಳೆಯುತ್ತಾರೆ. ಆ ದುಡಿಮೆಯ ಅಳತೆಗೆ ಗ್ಯಾಸ್ ಎಂದು ಹೆಸರು. 2022ರ ಸೆಪ್ಟೆಂಬರ್ 15ರಂದು ಗಣಿಗಾರಿಕೆ ಬಿಟ್ಟು ಹೊಸ ಪದ್ಧತಿಗೆ ಬಂದ ಮೇಲೆ ಬ್ಲಾಕ್ 12 ಸೆಕೆಂಡಿಗೊಂದು. ಬಹುಕಾಲ ಬ್ಲಾಕಿನ ಮಿತಿ 3 ಕೋಟಿ ಗ್ಯಾಸ್ ಇತ್ತು. ಬರೀ ಹಣ ಕಳಿಸುವ ಸಾದಾ ವಹಿವಾಟಿಗೆ 21,000 ಗ್ಯಾಸ್ ಸಾಕು. ಭಾಗಿಸಿ, ಮತ್ತೆ 12ರಿಂದ ಭಾಗಿಸಿ: ಸೆಕೆಂಡಿಗೆ 119. ಆದರೆ ಆ ದಿನಗಳಲ್ಲಿ ಮಾಪಕದಲ್ಲಿ ನಿಜಕ್ಕೂ ಕಾಣುತ್ತಿದ್ದದ್ದು ಹತ್ತರಿಂದ ಹದಿನೈದರ ಆಸುಪಾಸು. ಉಳಿದ ನೂರು ಎಲ್ಲಿ ಹೋದವು? ಎಲ್ಲಿಗೂ ಹೋಗಲಿಲ್ಲ, ಅವು ಇರಲೇ ಇಲ್ಲ. ಇಥೀರಿಯಮ್‌ಗೆ ಬರುವ ಜನ ಬರೀ ಹಣ ಕಳಿಸಿ ಸುಮ್ಮನಾಗುವುದಿಲ್ಲ. ಟೋಕನ್ ಅದಲುಬದಲು ಮಾಡುತ್ತಾರೆ, ಸಾಲ ಎತ್ತುತ್ತಾರೆ, ಹರಾಜು ಕೂಗುತ್ತಾರೆ. ಒಂದೊಂದಕ್ಕೂ ಲಕ್ಷಗಟ್ಟಲೆ ಗ್ಯಾಸ್ ಸುಡುತ್ತದೆ. 119 ಎಂಬುದೂ ಸುಳ್ಳಲ್ಲ, 12 ಎಂಬುದೂ ಸುಳ್ಳಲ್ಲ. ಜಾಹೀರಾತಿಗೆ ಯಾವುದನ್ನು ಹಾಕಬೇಕೆಂದು ಕೈಪಿಡಿ ಹೇಳಿಕೊಡಬೇಕಾಗಿಲ್ಲ.

ಸಂಖ್ಯೆ ಹಿಗ್ಗಿಸುವ ವಿಧಾನಗಳು

ಯಂತ್ರದ ತಂಟೆಗೆ ಹೋಗದೆ ವೇಗ ಹೆಚ್ಚಿಸುವುದು ಹೇಗೆ ಎಂಬುದು ಗಿರಾಕಿಗಳು ನಮ್ಮನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ. ಪರೀಕ್ಷಿಸಿ ನೋಡಿದ ಉಪಾಯಗಳು ಕೆಲವಿವೆ.

ಒಂದು, ಮನೆಯವರನ್ನೂ ಎಣಿಕೆಗೆ ಸೇರಿಸಿ. ಸೊಲಾನಾ ಎಂಬ ಸರಪಳಿ 2020ರ ಮಾರ್ಚ್‌ನಲ್ಲಿ ಶುರುವಾಯಿತು. ಅದರ ಬ್ಲಾಕ್ 400 ಮಿಲಿಸೆಕೆಂಡಿಗೊಂದು, ಪ್ರಚಾರದ ಸಂಖ್ಯೆ 65,000. ಅದಕ್ಕೂ ಮೊದಲು ಬಂದ ಶ್ವೇತಪತ್ರದಲ್ಲಿ ಅನತೊಲಿ ಯಕೊವೆಂಕೊ ಬರೆದಿದ್ದ ಸಂಖ್ಯೆ 7,10,000. ದಿನನಿತ್ಯ ಅದು ಸಾವಿರಗಳಲ್ಲಿ ಓಡುವುದು ನಿಜ, ಅದನ್ನು ತಮಾಷೆ ಮಾಡುವ ಹಾಗಿಲ್ಲ. ಆದರೆ ಆ ಸಾವಿರಗಳಲ್ಲಿ ದೊಡ್ಡ ಪಾಲು ಗಿರಾಕಿಗಳದ್ದಲ್ಲ. ‘ಈ ಬ್ಲಾಕಿಗೆ ನನ್ನ ಒಪ್ಪಿಗೆ ಇದೆ’ ಎಂದು ವ್ಯಾಲಿಡೇಟರುಗಳು, ಅಂದರೆ ಬ್ಲಾಕ್ ಪರೀಕ್ಷಿಸುವ ಕಂಪ್ಯೂಟರುಗಳು, ಹಾಕುವ ವೋಟು. ಬೇರೆ ಸರಪಳಿಗಳಲ್ಲಿ ಈ ಮಾತುಕತೆ ತೆರೆಯ ಹಿಂದೆ ನಡೆಯುತ್ತದೆ. ಸೊಲಾನಾದಲ್ಲಿ ಪ್ರತಿ ವೋಟೂ ಒಂದು ವಹಿವಾಟಾಗಿ ಸರಪಳಿಯ ಮೇಲೇ ಬೀಳುತ್ತದೆ, ಹಾಗಾಗಿ ಲೆಕ್ಕಕ್ಕೂ ಬೀಳುತ್ತದೆ. 2025ರಲ್ಲಿ ಅಲ್ಲಿನ ವ್ಯಾಲಿಡೇಟರುಗಳು ಆಲ್ಪೆನ್‌ಗ್ಲೋ ಎಂಬ ಸುಧಾರಣೆಗೆ ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟರು. ವೋಟುಗಳನ್ನು ಸರಪಳಿಯಿಂದ ಕೆಳಗಿಳಿಸಿ, ಸುಮಾರು 13 ಸೆಕೆಂಡು ಹಿಡಿಯುತ್ತಿದ್ದ ಅಂತಿಮ ತೀರ್ಮಾನವನ್ನು 150 ಮಿಲಿಸೆಕೆಂಡಿಗೆ ತರುವುದು ಅದರ ಗುರಿ. ಅಂದರೆ ಸರಪಳಿ ನಿಜವಾಗಿ ಚುರುಕಾಗುವ ದಿನವೇ ಹಳೆಯ ಮಾಪಕದ ಮುಳ್ಳು ಧೊಪ್ಪನೆ ಕೆಳಗೆ ಬೀಳಬೇಕು. ಮಾಪಕದ ಬಗ್ಗೆ ಇದಕ್ಕಿಂತ ಕಟುವಾದ ಟೀಕೆಯನ್ನು ನಮ್ಮ ಪ್ರಯೋಗಾಲಯ ಕಂಡಿಲ್ಲ.

ಎರಡು, ಏನೂ ಮಾಡಬೇಡಿ. ಇದು ಹಾಸ್ಯವಲ್ಲ. 2025ರ ಆಗಸ್ಟ್‌ನಲ್ಲಿ ಸೊಲಾನಾದ ನಿಜವಾದ ಜಾಲದ ಮೇಲೆಯೇ ಕ್ಷಣಕಾಲ ಸೆಕೆಂಡಿಗೆ ಒಂದು ಲಕ್ಷ ದಾಟಿದ ವಹಿವಾಟು ದಾಖಲಾಯಿತು. ಅವುಗಳಲ್ಲಿ ಬಹುಪಾಲು ‘ನೋ-ಆಪ್’ ಕರೆಗಳು: ಬಂದವು, ಸಹಿ ತೋರಿಸಿದವು, ಏನನ್ನೂ ಬದಲಿಸದೆ ಹೋದವು. ನಿಷ್ಕಾಮ ಕರ್ಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದು ಮಾತು ನ್ಯಾಯವಾಗಿ ಹೇಳಬೇಕು. ಖಾಲಿ ವಹಿವಾಟು ಓಡಿಸಿ ನೋಡುವುದು ಅಳತೆಯ ವಿದ್ಯೆಯಲ್ಲಿ ಒಪ್ಪಿತವಾದ ಪದ್ಧತಿಯೇ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ 2017ರಲ್ಲಿ ಬಂದ ಬ್ಲಾಕ್‌ಬೆಂಚ್ ಎಂಬ ಪರೀಕ್ಷಾ ಸಾಧನದಲ್ಲಿ ‘ಡೂ ನಥಿಂಗ್’ ಎಂಬ ಹೆಸರಿನದೇ ಒಂದು ಪರೀಕ್ಷೆ ಇದೆ. ಕೆಲಸವನ್ನು ಸೊನ್ನೆಗಿಳಿಸಿದರೆ ಒಪ್ಪಿಗೆ ಪಡೆಯುವುದಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂಬುದು ಬೇರೆಯಾಗಿ ಕಾಣುತ್ತದೆ. ಆ ಉಪಕರಣ ಎಂಜಿನಿಯರ್ ಕೈಯಲ್ಲಿದ್ದಾಗ ಮದ್ದು, ಮಾರ್ಕೆಟಿಂಗ್ ಇಲಾಖೆಗೆ ಹೋದಾಗ ಭಿತ್ತಿಪತ್ರ.

ಮೂರು, ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಭೂಮಿಯ ಆಚೆ ಬದಿಗೆ 20,000 ಕಿಲೋಮೀಟರ್. ಅಂದರೆ ಹೋಗಲು 100 ಮಿಲಿಸೆಕೆಂಡು, ಉತ್ತರ ಬರಲು ಇನ್ನೊಂದು 100. ತಂತಿ ಯಾವತ್ತೂ ನೇರ ಹೋಗುವುದಿಲ್ಲವಾದ್ದರಿಂದ ವಾಸ್ತವ ಇನ್ನೂ ನಿಧಾನ. ಒಂದೇ ಡೇಟಾ ಸೆಂಟರಿನಲ್ಲಿ ಇಟ್ಟರೆ ಈ ಖರ್ಚು ಮಾಯ. ವರದಿಯಲ್ಲಿ ಕೋಣೆಯ ವಿಚಾರ ಬರೆಯದಿದ್ದರೆ ಆಯಿತು.

ನಾಲ್ಕು, ಅತ್ಯುತ್ತಮ ಸೆಕೆಂಡನ್ನು ಆರಿಸಿ. ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಸೆಕೆಂಡುಗಳಿವೆ; ಅದರಲ್ಲಿ ಒಂದಾದರೂ ನಿಮ್ಮದಾಗಿರುತ್ತದೆ.

ಇಂಥ ಉಪಾಯಗಳಿಗೆ ಕಡಿವಾಣ ಹಾಕಲು ಹೊರಟವರೂ ಇದ್ದಾರೆ, ಗಿರಾಕಿಗಳು ಅವರಿಂದ ದೂರ ಇರುವುದು ಕ್ಷೇಮ. ಡಯಾಬ್ಲೊ ಎಂಬ ಪರೀಕ್ಷಾ ವ್ಯವಸ್ಥೆಯನ್ನು 2023ರಲ್ಲಿ ಪ್ರಕಟಿಸಿದ ಸಿಡ್ನಿ ವಿಶ್ವವಿದ್ಯಾಲಯದ ವಿನ್ಸೆಂಟ್ ಗ್ರಮೊಲಿ ಮತ್ತು ಸಂಗಡಿಗರು ಅಲ್ಗೊರಾಂಡ್, ಅವಲಾಂಚ್, ಡೀಮ್, ಇಥೀರಿಯಮ್, ಕೋರಮ್, ಸೊಲಾನಾ ಈ ಆರನ್ನೂ ಒಂದೇ ತಕ್ಕಡಿಯಲ್ಲಿಟ್ಟರು. ಕಂಪ್ಯೂಟರುಗಳನ್ನು ಖಂಡ ಖಂಡಗಳಲ್ಲಿ ಹರಡಿದರು. ಖಾಲಿ ವಹಿವಾಟಿನ ಬದಲು ಶೇರುಪೇಟೆ, ಟ್ಯಾಕ್ಸಿ ಸೇವೆ, ವಿಡಿಯೊ ತಾಣ, ಆನ್‌ಲೈನ್ ಆಟಗಳಿಗೆ ನಿಜವಾಗಿ ಬರುವಂಥ ಒತ್ತಡ ಹೇರಿದರು. ಪ್ರಪಂಚದ ಬೇರೆಬೇರೆ ಕಡೆಯ ಸಾಮಾನ್ಯ ಕಂಪ್ಯೂಟರುಗಳ ಮೇಲೆ ಓಡಿಸಿದಾಗ ಆ ಆ್ಯಪ್‌ಗಳ ಬೇಡಿಕೆ ಪೂರೈಸುವ ಶಕ್ತಿ ಆ ಸರಪಳಿಗಳಿಗೆ ಇಲ್ಲ ಎಂಬುದು ಅವರು ಕಂಡುಕೊಂಡ ಫಲಿತಾಂಶ. ಇಂಥವರಿಗೆ ಮಾದರಿ ಯಂತ್ರ ಕೊಡಬೇಡಿ.

ಎಷ್ಟು ಜನ, ಎಷ್ಟು ಹೊತ್ತು

ಮಾಪಕದಲ್ಲಿ ಎರಡು ಮುಳ್ಳುಗಳಿವೆ. ಒಂದರ ಹೆಸರು ಥ್ರೂಪುಟ್, ಇನ್ನೊಂದರ ಹೆಸರು ಲೇಟೆನ್ಸಿ. ಮದುವೆ ಛತ್ರದ ಊಟದ ಮನೆಯನ್ನು ನೆನೆಯಿರಿ. ಗಂಟೆಗೆ ಎಷ್ಟು ಎಲೆ ಎದ್ದವು ಎಂಬುದು ಛತ್ರದ ಮ್ಯಾನೇಜರನ ಹೆಮ್ಮೆ, ಅದು ಥ್ರೂಪುಟ್. ಬಾಗಿಲಲ್ಲಿ ನಿಂತ ನಿಮಗೆ ಎಲೆ ಸಿಗಲು ಎಷ್ಟು ಹೊತ್ತು ಹಿಡಿಯಿತು ಎಂಬುದು ನಿಮ್ಮ ಹೊಟ್ಟೆಯ ಸಮಾಚಾರ, ಅದು ಲೇಟೆನ್ಸಿ. ಪಂಕ್ತಿಗೆ 200 ಎಲೆ ಇದ್ದದ್ದನ್ನು 500 ಮಾಡಿದರೆ ಮ್ಯಾನೇಜರನ ಸಂಖ್ಯೆ ಏರುತ್ತದೆ. ಆದರೆ ಪಂಕ್ತಿ ತುಂಬುವವರೆಗೆ, ಬಡಿಸಿ ಮುಗಿಯುವವರೆಗೆ ಕೂತವನ ಅನ್ನ ಆರುತ್ತದೆ. ಬ್ಲಾಕಿನ ಗಾತ್ರ ಹೆಚ್ಚಿಸಿದಾಗಲೂ ಆಗುವುದು ಇದೇ.

ಇವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕು ಎಂಬುದೂ ಜಗಳದ ವಿಷಯವೇ. ಹೈಪರ್‌ಲೆಡ್ಜರ್ ಕೂಟದವರು 2018ರಲ್ಲಿ ಕೂತು ಒಂದು ಪರಿಭಾಷೆ ಬರೆದರು. ವಹಿವಾಟು ಸಲ್ಲಿಸಿದ ಕ್ಷಣದಿಂದ ಅದರ ಫಲ ಜಾಲದ ಗೊತ್ತುಪಡಿಸಿದಷ್ಟು ಪಾಲು ಕಂಪ್ಯೂಟರುಗಳಲ್ಲಿ ಸಿಗುವಂತಾಗುವವರೆಗೆ ಹಿಡಿದ ಹೊತ್ತು ಲೇಟೆನ್ಸಿ. ಆ ‘ಪಾಲು’ ಎಂಬ ಒಂದು ಮಾತಿನಲ್ಲಿ ಬೇಕಾದಷ್ಟು ಜಾಗ ಇದೆ. ಅರ್ಧ ಕಂಪ್ಯೂಟರುಗಳಿಗೆ ತಲುಪಿದರೆ ಸಾಕು ಎಂದರೆ ಒಂದು ಸಂಖ್ಯೆ, ಶೇಕಡಾ 90 ಎಂದರೆ ಇನ್ನೊಂದು. ಶಿಸ್ತಿನ ಅಳತೆಗಾರರು ಸರಾಸರಿಗಿಂತ ಬಾಲವನ್ನು ನೋಡುತ್ತಾರೆ: ನೂರರಲ್ಲಿ ಅತಿ ನಿಧಾನವಾದ ಒಬ್ಬನಿಗೆ ಎಷ್ಟು ಹೊತ್ತಾಯಿತು? ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋಗುತ್ತಾರೆ. ಒಂದು ಹಂತದವರೆಗೆ ಎರಡೂ ಮುಳ್ಳುಗಳು ಸಭ್ಯವಾಗಿರುತ್ತವೆ. ಆಮೇಲೆ ಥ್ರೂಪುಟ್ ಅಲ್ಲೇ ನಿಲ್ಲುತ್ತದೆ, ಲೇಟೆನ್ಸಿ ಒಮ್ಮೆಲೇ ಮುಗಿಲಿಗೆ ಏರುತ್ತದೆ. ಆ ತಿರುವೇ ಯಂತ್ರದ ನಿಜವಾದ ಸಾಮರ್ಥ್ಯ. ಭಿತ್ತಿಪತ್ರದಲ್ಲಿ ಸಾಮಾನ್ಯವಾಗಿ ಅದರ ಆಚೆಗಿನ ಸಂಖ್ಯೆ ಇರುತ್ತದೆ.

‘ಮುಗಿಯಿತು’ ಎಂಬ ಹಸಿರು ದೀಪ

ಈ ದೀಪ ಎಲ್ಲ ಮಾದರಿಗಳಲ್ಲೂ ಇದೆ, ಅರ್ಥ ಮಾತ್ರ ಒಂದೊಂದರಲ್ಲಿ ಒಂದೊಂದು. ಬಿಟ್‌ಕಾಯಿನ್‌ನಲ್ಲಿ ವಹಿವಾಟು ಬ್ಲಾಕಿಗೆ ಸೇರಿದ ಮೇಲೂ ಜಾಣರು ಇನ್ನೈದು ಬ್ಲಾಕ್ ಕಾಯುತ್ತಾರೆ, ಅಂದರೆ ಸುಮಾರು ಒಂದು ಗಂಟೆ. ಇಥೀರಿಯಮ್‌ನಲ್ಲಿ 12 ಸೆಕೆಂಡಿಗೆ ದೀಪ ಹತ್ತಿದರೂ ಅದು ಆರದಷ್ಟು ಭದ್ರವಾಗಲು ಇಪಾಕ್ ಎಂಬ ಬ್ಲಾಕ್ ಕಂತುಗಳು ಎರಡು ಮುಗಿಯಬೇಕು, ಅಂದರೆ 12.8 ನಿಮಿಷ ಬೇಕು. ಪಾಲಿಗಾನ್ ಎಂಬ ಸರಪಳಿಯಲ್ಲಿ ಬ್ಲಾಕ್ ಎರಡು ಸೆಕೆಂಡಿಗೊಂದರಂತೆ ಬರುತ್ತಿತ್ತು. 2023ರ ಫೆಬ್ರುವರಿಯಲ್ಲಿ ಒಂದು ದಿನ 150ಕ್ಕೂ ಹೆಚ್ಚು ಬ್ಲಾಕ್‌ಗಳು ಹಿಂದೆ ಸರಿದು ಚರಿತ್ರೆ ಹೊಸದಾಗಿ ಬರೆಸಿಕೊಂಡಿತು. ಐದು ನಿಮಿಷದ ಹಿಂದೆ ‘ಮುಗಿಯಿತು’ ಅಂದದ್ದು ಮುಗಿದಿರಲಿಲ್ಲ. ಇನ್ನು ಆರ್ಬಿಟ್ರಮ್, ಆಪ್ಟಿಮಿಸಮ್‌ನಂಥ ಉಪಸರಪಳಿಗಳಲ್ಲಿ ದೀಪ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತುತ್ತದೆ. ಆದರೆ ನಿಮ್ಮ ಹಣವನ್ನು ಅಧಿಕೃತ ಸೇತುವೆಯ ಮೂಲಕ ಇಥೀರಿಯಮ್‌ಗೆ ವಾಪಸು ತರಬೇಕೆಂದರೆ ಸುಮಾರು ಏಳು ದಿನ ಕಾಯಬೇಕು. ಮೋಸವಾಗಿದ್ದರೆ ಯಾರಾದರೂ ಆಕ್ಷೇಪ ಎತ್ತಲಿ ಎಂದು ಕೊಟ್ಟ ಗಡುವು ಅದು. ಸೆಕೆಂಡಿಗೆ ಸಾವಿರ ವಹಿವಾಟು ಎಂದು ಹೇಳುವ ನಾಲಿಗೆಗೇ ಏಳು ದಿನ ಎಂದೂ ಹೇಳುವ ಅಭ್ಯಾಸ ಮಾಡಿಸಿ.

ತಿರುಪುಗಳು

ಯಂತ್ರದ ಹಿಂಬದಿಯಲ್ಲಿ ವೇಗ ಹೆಚ್ಚಿಸುವ ತಿರುಪುಗಳಿವೆ. ಬಲಕ್ಕೆ ತಿರುಗಿಸಿದರೆ ವೇಗ ಏರುತ್ತದೆ. ಎಡಗಡೆ ಏನು ಕಳಚಿಬಿತ್ತು ಎಂದು ನೋಡುವುದು ಮಾಲೀಕರ ಜವಾಬ್ದಾರಿ.

ಬ್ಲಾಕಿನ ಗಾತ್ರದ ತಿರುಪು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ಜಗಳ ಕಂಡದ್ದು. ದೊಡ್ಡ ಬ್ಲಾಕ್ ಜಾಲದಲ್ಲಿ ಹರಡಲು ಹೆಚ್ಚು ಹೊತ್ತು ಬೇಕು. ಕ್ರಿಶ್ಚಿಯನ್ ಡೆಕರ್ ಮತ್ತು ರೋಜರ್ ವಾಟನ್‌ಹೋಫರ್ 2013ರಲ್ಲೇ ಅಳೆದರು: ಬಿಟ್‌ಕಾಯಿನ್‌ನ ಒಂದು ಬ್ಲಾಕ್ ಅರ್ಧ ಜಾಲಕ್ಕೆ ತಲುಪಲು 6.5 ಸೆಕೆಂಡು, 40 ಸೆಕೆಂಡಾದ ಮೇಲೂ ಶೇಕಡಾ 5ರಷ್ಟು ಕಂಪ್ಯೂಟರುಗಳಿಗೆ ಸುದ್ದಿಯೇ ಇಲ್ಲ. ಸುದ್ದಿ ಮುಟ್ಟದವರು ಹಳೆಯ ಪುಟದ ಮೇಲೆ ಬರೆಯುತ್ತಾ ಕೂರುತ್ತಾರೆ, ಸರಪಳಿ ಕವಲೊಡೆಯುತ್ತದೆ. 2016ರ ಇನ್ನೊಂದು ಅಧ್ಯಯನ ಈ ಜಾಲದಲ್ಲಿ 10 ನಿಮಿಷಕ್ಕೆ 4 ಎಂಬಿ ಮೀರಬಾರದು, ಅಲ್ಲಿಗೂ ಸೆಕೆಂಡಿಗೆ 27ಕ್ಕಿಂತ ಹೆಚ್ಚು ನಿರೀಕ್ಷೆ ಬೇಡ ಎಂದಿತು. ಆದರೂ ಜಗಳ ನಿಲ್ಲಲಿಲ್ಲ. 2017ರ ಆಗಸ್ಟ್ 1ರಂದು ದೊಡ್ಡ ಬ್ಲಾಕಿನವರು ಮನೆ ಪಾಲು ಮಾಡಿಕೊಂಡು 8 ಎಂಬಿಯ ಬಿಟ್‌ಕಾಯಿನ್ ಕ್ಯಾಶ್ ಕಟ್ಟಿದರು, ಮುಂದಿನ ವರ್ಷ ಅದನ್ನು 32 ಎಂಬಿಗೆ ಏರಿಸಿದರು. ಬ್ಲಾಕುಗಳು ಬಹುಮಟ್ಟಿಗೆ ಖಾಲಿಯೇ ಹೋಗುತ್ತಿವೆ. ಸಣ್ಣ ಬ್ಲಾಕಿನವರು ಅದೇ ತಿಂಗಳು ಸೆಗ್‌ವಿಟ್ ಎಂಬ ಜಾಣ ಒಪ್ಪಂದಕ್ಕೆ ಬಂದು, ಸಹಿಗಳ ತೂಕವನ್ನು ಕಡಿಮೆ ಎಣಿಸಿ ಅದೇ ಬ್ಲಾಕಿನಲ್ಲಿ ಒಂದಿಷ್ಟು ಜಾಗ ಮಾಡಿಕೊಂಡರು.

ಜನರನ್ನು ಕಡಿಮೆ ಮಾಡುವ ತಿರುಪು ಬಹಳ ಪರಿಣಾಮಕಾರಿ. 1999ರಲ್ಲಿ ಮಿಗೆಲ್ ಕಾಸ್ಟ್ರೊ ಮತ್ತು ಬಾರ್ಬರಾ ಲಿಸ್ಕೊವ್ ರೂಪಿಸಿದ ಪಿಬಿಎಫ್‌ಟಿ ಪದ್ಧತಿಯಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಹೇಳಬೇಕು. ಹತ್ತು ಜನರಿದ್ದರೆ ಒಂದು ಸುತ್ತಿಗೆ ನೂರರಷ್ಟು ಸಂದೇಶ, ನೂರು ಜನರಾದರೆ ಹತ್ತು ಸಾವಿರದಷ್ಟು. 2018ರ ಜೂನ್‌ನಲ್ಲಿ ಶುರುವಾದ ಇಒಎಸ್ ಇದಕ್ಕೆ ಸರಳ ಪರಿಹಾರ ಕಂಡುಕೊಂಡಿತು: ಬ್ಲಾಕ್ ಬರೆಯುವವರು 21 ಜನ, ಅಷ್ಟೆ. ಬ್ಲಾಕ್ ಅರ್ಧ ಸೆಕೆಂಡಿಗೊಂದು ಬಂತು. 21ರಿಂದ ಒಂದಕ್ಕೆ ಇಳಿಸಿದರೆ ಇನ್ನೂ ವೇಗ ಸಿಗುತ್ತದೆ. ಅದನ್ನು ಜನ ಬಹುಕಾಲದಿಂದ ಸರ್ವರ್ ಎಂದು ಕರೆಯುತ್ತಾ ಬಂದಿದ್ದಾರೆ.

ಯಂತ್ರವನ್ನೇ ದೊಡ್ಡದು ಮಾಡುವುದು ಇದೇ ತಿರುಪಿನ ಸೌಮ್ಯ ರೂಪ. ಯಾರನ್ನೂ ಹೊರಗೆ ಹೋಗೆನ್ನಬೇಕಿಲ್ಲ, ನೂರಾರು ಗಿಗಾಬೈಟ್ ಮೆಮೊರಿ ಇದ್ದವರು ಮಾತ್ರ ಒಳಗೆ ಬರಲಿ ಎಂದರೆ ಬಡವರು ತಾವಾಗಿಯೇ ಹೋಗುತ್ತಾರೆ. ಸಮಾನಾಂತರವಾಗಿ ಓಡಿಸುವುದು ಒಳ್ಳೆಯ ಉಪಾಯ: ಒಂದಕ್ಕೊಂದು ಸಂಬಂಧವಿಲ್ಲದ ವಹಿವಾಟುಗಳನ್ನು ಬೇರೆ ಬೇರೆ ಕೋರ್‌ಗಳು ಒಟ್ಟಿಗೇ ಮಾಡಬಹುದು. ಸೊಲಾನಾ, ಆ್ಯಪ್ಟಾಸ್ ಇದನ್ನು ಚೆನ್ನಾಗಿ ಮಾಡಿವೆ. ಆದರೆ ಜಾತ್ರೆಯ ದಿನ ಎಲ್ಲರಿಗೂ ಅದೇ ಒಂದು ಟೋಕನ್ ಬೇಕು, ಎಲ್ಲರೂ ಅದೇ ಖಾತೆ ಮುಟ್ಟುತ್ತಾರೆ. ಕೆಲಸದ ಹತ್ತನೇ ಒಂದು ಭಾಗ ಸಾಲಿನಲ್ಲೇ ನಡೆಯಬೇಕಿದ್ದರೆ ಸಾವಿರ ಕೋರ್ ಕೊಟ್ಟರೂ ವೇಗ ಹತ್ತು ಪಟ್ಟು ದಾಟದು ಎಂದು ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿಕೊಟ್ಟಿದ್ದಾರೆ.

ಇನ್ನೊಂದು ತಿರುಪು, ಕೆಲಸವನ್ನೇ ಹೊರಗೆ ಸಾಗಿಸುವುದು. ಜೋಸೆಫ್ ಪೂನ್ ಮತ್ತು ತಡಿಯಸ್ ಡ್ರೈಜಾ ಯೋಚಿಸಿದ ಲೈಟ್ನಿಂಗ್ ಜಾಲದಲ್ಲಿ ಇಬ್ಬರು ತಮ್ಮ ನಡುವೆ ಖಾತೆ ತೆರೆದು ಸಾವಿರ ಸಲ ಕೊಟ್ಟು ತೆಗೆದುಕೊಳ್ಳಬಹುದು; ಸರಪಳಿಯ ಮೇಲೆ ಬರೆಯುವುದು ತೆರೆದದ್ದು, ಮುಚ್ಚಿದ್ದು ಎರಡೇ. ಇಥೀರಿಯಮ್‌ನಲ್ಲಿ ರೋಲಪ್ ಎಂಬ ಉಪಸರಪಳಿಗಳು ಹೊರಗೆ ವಹಿವಾಟು ನಡೆಸಿ ಅದರ ಸಾರವನ್ನು ಒತ್ತಿ ಮಡಚಿ ಒಳಗೆ ಕಳಿಸುತ್ತವೆ. 2024ರ ಮಾರ್ಚ್ 13ರ ಡೆನ್‌ಕುನ್ ನವೀಕರಣ ಅವುಗಳಿಗಾಗಿಯೇ ‘ಬ್ಲಾಬ್’ ಎಂಬ ಅಗ್ಗದ ಅಟ್ಟ ಕಟ್ಟಿಕೊಟ್ಟಿತು, ಹಲವು ರೋಲಪ್‌ಗಳ ಶುಲ್ಕ ಪಾತಾಳಕ್ಕೆ ಇಳಿಯಿತು. ಇದು ಈ ಇಡೀ ಕೈಪಿಡಿಯ ಮೇಲಾದ ತಿರುಪು ಎಂದು ನನ್ನ ಅಭಿಪ್ರಾಯ. ಆದರೂ ಸ್ವಲ್ಪ ಬಗ್ಗಿ ನೋಡಿ: ಬಹುತೇಕ ರೋಲಪ್‌ಗಳಲ್ಲಿ ವಹಿವಾಟುಗಳನ್ನು ಸಾಲು ಜೋಡಿಸುವ ಸೀಕ್ವೆನ್ಸರ್ ಒಂದೇ, ಅದನ್ನು ನಡೆಸುವ ಸಂಸ್ಥೆಯೂ ಒಂದೇ. ಹಿಂಬಾಗಿಲಿನಿಂದ ಸರ್ವರ್ ಮತ್ತೆ ಒಳಗೆ ಬಂದಿದೆ, ಈ ಸಲ ಮೇಲೆ ಕಾವಲುಗಾರ ಇದ್ದಾನೆ.

ಏನನ್ನೂ ಕಳಚದ ಒಂದು ತಿರುಪು ಇದೆ, ಬೇಸರದ್ದು, ಹಾಗಾಗಿ ಯಾರೂ ಅದರ ಫೋಟೊ ಹಾಕುವುದಿಲ್ಲ. ಯಂತ್ರ ಬಿಚ್ಚಿ ಎಲ್ಲಿ ಹೊತ್ತು ಸೋರುತ್ತಿದೆ ಎಂದು ಹುಡುಕುವುದು. 2018ರಲ್ಲಿ ಪಾರ್ಥ್ ಠಕ್ಕರ್ ಮತ್ತು ಐಬಿಎಂನ ಭಾರತದ ಸಂಶೋಧನಾ ಪ್ರಯೋಗಾಲಯದ ಸೆಂಥಿಲ್ ನಾಥನ್, ಬಾಲಾಜಿ ವಿಶ್ವನಾಥನ್ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ, ಕಂಪನಿಗಳು ತಮ್ಮೊಳಗೆ ಬಳಸುವ ಬ್ಲಾಕ್‌ಚೈನನ್ನು ಹೀಗೆ ಬಿಚ್ಚಿದರು. ಕಂಡದ್ದೇನು? ಅದೇ ನಾಲ್ಕು ಜನರ ಗುರುತಿನ ಪತ್ರವನ್ನು ಯಂತ್ರ ಪ್ರತಿ ವಹಿವಾಟಿಗೂ ಹೊಸದಾಗಿ ಬಿಡಿಸಿ ಓದುತ್ತಿತ್ತು. ಒಮ್ಮೆ ಓದಿದ್ದನ್ನು ನೆನಪಿಟ್ಟುಕೊಳ್ಳಲು ಕಲಿಸಿದರು. ಸಹಿಗಳನ್ನು ಒಂದಾದ ಮೇಲೊಂದು ಪರೀಕ್ಷಿಸುತ್ತಿದ್ದರೆ ಉಳಿದ ಕೋರ್‌ಗಳು ಆಕಳಿಸುತ್ತಿದ್ದವು; ಅವನ್ನೂ ಕೆಲಸಕ್ಕೆ ಹಚ್ಚಿದರು. ಕೌಚ್‌ಡಿಬಿ ಎಂಬ ಡೇಟಾಬೇಸಿನ ಬಾಗಿಲನ್ನು ಒಂದೊಂದು ಮಾಹಿತಿಗೂ ಒಂದೊಂದು ಸಲ ತಟ್ಟುತ್ತಿತ್ತು. ಒಟ್ಟಿಗೆ ಕೇಳಲು ಹೇಳಿದರು. ಸೆಕೆಂಡಿಗೆ 140 ಇದ್ದದ್ದು 2,250ಕ್ಕೆ ಏರಿತು, ಹದಿನಾರು ಪಟ್ಟು. ಹೊಸ ಸಿದ್ಧಾಂತ ಇಲ್ಲ, ಟೋಕನ್ ಇಲ್ಲ, ಯಾರನ್ನೂ ಹೊರಗೆ ಹಾಕಲಿಲ್ಲ. ಮರುವರ್ಷ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ತಂಡವೊಂದು ಅದೇ ಫ್ಯಾಬ್ರಿಕ್ ಹಿಡಿದು, ಸಾಲು ಜೋಡಿಸುವವನಿಗೆ ಪೂರ್ತಿ ವಹಿವಾಟಿನ ಬದಲು ಅದರ ಗುರುತಿನ ಸಂಖ್ಯೆ ಮಾತ್ರ ಸಾಕು ಎಂಬಂಥ ತಿದ್ದುಪಡಿಗಳಿಂದ 3,000ವನ್ನು 20,000ಕ್ಕೆ ತಂದಿತು. ಬ್ಲಾಕ್‌ಚೈನ್ ವೇಗದ ಬಗ್ಗೆ ಬಂದಿರುವ ಬರವಣಿಗೆಯಲ್ಲಿ ಒಂದನ್ನೇ ಓದಬೇಕೆಂದರೆ ನಾನು ಆ 2018ರ ಪ್ರಬಂಧವನ್ನು ಕೊಡುತ್ತೇನೆ. ಅದರಲ್ಲಿ ಎಲ್ಲಿ ಅಳೆದರು, ಏನನ್ನು ಎಣಿಸಿದರು ಎಂಬುದು ಫಲಿತಾಂಶಕ್ಕಿಂತ ಮೊದಲೇ ಬರುತ್ತದೆ.

ತೊಂದರೆಗಳು ಮತ್ತು ಪರಿಹಾರ

ಯಂತ್ರದಲ್ಲಿ ಬೆಕ್ಕುಗಳು ಸೇರಿಕೊಂಡಿವೆ: 2017ರ ನವೆಂಬರ್ ಕೊನೆಯಲ್ಲಿ ಕ್ರಿಪ್ಟೊಕಿಟ್ಟೀಸ್ ಎಂಬ, ಡಿಜಿಟಲ್ ಬೆಕ್ಕುಮರಿ ಸಾಕುವ ಆಟ ಬಂದು ಕೆಲವೇ ದಿನಗಳಲ್ಲಿ ಇಥೀರಿಯಮ್‌ನ ಒಟ್ಟು ಸಂಚಾರದ ಹತ್ತನೇ ಒಂದು ಭಾಗಕ್ಕೂ ಹೆಚ್ಚನ್ನು ಆಕ್ರಮಿಸಿತು. ಲೋಕದ ಹಣಕಾಸನ್ನು ಮರುರೂಪಿಸಲು ಬಂದ ಯಂತ್ರ ಬೆಕ್ಕಿನ ಬಾಣಂತನದಲ್ಲಿ ಸಿಕ್ಕಿಕೊಂಡಿತು. ಪರಿಹಾರ: ಶುಲ್ಕ ಹೆಚ್ಚಾಗಲು ಬಿಡಿ, ಬೆಕ್ಕುಗಳು ತಾವಾಗಿಯೇ ಹೋಗುತ್ತವೆ. ಜನರೂ ಹೋಗುತ್ತಾರೆ.

ಶುಲ್ಕ ಕೈ ಸುಡುತ್ತಿದೆ: ವೇಗದ ಮಿತಿ ಮುಟ್ಟಿದ ಯಂತ್ರದಲ್ಲಿ ಜಾಗ ಹರಾಜಾಗುತ್ತದೆ. 2024ರ ಏಪ್ರಿಲ್ 20ರಂದು ಬಿಟ್‌ಕಾಯಿನ್‌ನಲ್ಲಿ ಒಂದು ವಹಿವಾಟಿನ ಸರಾಸರಿ ಶುಲ್ಕ 120 ಡಾಲರ್ ದಾಟಿತ್ತು. ಪರಿಹಾರ: ಮರುದಿನ ಬನ್ನಿ.

ಯಂತ್ರ ನಿಂತುಹೋಗಿದೆ: 2021ರ ಸೆಪ್ಟೆಂಬರ್ 14ರಂದು ಸೊಲಾನಾದಲ್ಲಿ ಒಂದು ಹೊಸ ಟೋಕನ್ ಮಾರಾಟಕ್ಕಿಟ್ಟಾಗ ಬಾಟ್‌ಗಳು ಮುಗಿಬಿದ್ದು ಸೆಕೆಂಡಿಗೆ 4 ಲಕ್ಷದವರೆಗೆ ವಹಿವಾಟು ಸುರಿದವು. ಕಂಪ್ಯೂಟರುಗಳ ಮೆಮೊರಿ ತುಂಬಿ, ಒಮ್ಮತ ಮುರಿದು, ಸರಪಳಿ ಸುಮಾರು 17 ಗಂಟೆ ನಿಂತಿತು. ವ್ಯಾಲಿಡೇಟರುಗಳು ಚಾಟ್‌ನಲ್ಲಿ ಮಾತಾಡಿಕೊಂಡು, ಯಾವ ಪುಟದಿಂದ ಮತ್ತೆ ಶುರು ಮಾಡೋಣ ಎಂದು ಒಪ್ಪಿ, ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದರು. 2024ರ ಫೆಬ್ರುವರಿ 6ರಂದು ಮತ್ತೊಮ್ಮೆ ಸುಮಾರು ಐದು ಗಂಟೆ ನಿಂತಿತು. ಆಗ ಕಾರಣ ಜನಜಂಗುಳಿಯಲ್ಲ, ತಂತ್ರಾಂಶದ ದೋಷ. ನಡುವೆ ಅವರು ಜಾಲದ ಬಾಗಿಲನ್ನು ಕ್ವಿಕ್ ಎಂಬ ಹೊಸ ವಿಧಾನಕ್ಕೆ ಬದಲಿಸಿದರು, ಜನಪ್ರಿಯ ಖಾತೆ ಮುಟ್ಟುವವರು ಮಾತ್ರ ಹೆಚ್ಚು ಶುಲ್ಕ ಕೊಡುವಂತೆ ಮಾಡಿದರು. ಎರಡೂ ಗಟ್ಟಿ ಕೆಲಸ. ಆದರೆ ನಿಂತ ಗಂಟೆಗಳ ಸೊನ್ನೆಯನ್ನು ಸರಾಸರಿಗೆ ಸೇರಿಸಿದ ಭಿತ್ತಿಪತ್ರವನ್ನು ಯಾವ ಸರಪಳಿಯೂ ಇನ್ನೂ ಅಚ್ಚು ಹಾಕಿಸಿಲ್ಲ.

ವಾರಂಟಿ

ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ವಾರಂಟಿ ಇಲ್ಲ. ವೋಟು, ನೋ-ಆಪ್, ಒಂದೇ ಕೋಣೆ, ಒಂದೇ ಸೆಕೆಂಡು ಇವುಗಳಿಂದ ಆದ ಸಂತೋಷಕ್ಕೆ ತಯಾರಕರು ಹೊಣೆಯಲ್ಲ. ಯಂತ್ರ ನಿಧಾನವೆಂದು ದೂರು ಕೊಡುವವರು ತಮ್ಮ ಲೆಕ್ಕದ ಪುಸ್ತಕವನ್ನು ಯಾರ್ಯಾರು ನೋಡಬೇಕು, ಯಾರ್ಯಾರಿಗಾಗಿ ಕಾಯಲು ತಯಾರಿದ್ದಾರೆ ಎಂಬ ಪಟ್ಟಿಯನ್ನು ದೂರಿನ ಜತೆ ಲಗತ್ತಿಸಬೇಕು. ಪಟ್ಟಿಯಿಲ್ಲದ ದೂರುಗಳನ್ನು ಪರಿಶೀಲಿಸುವುದಿಲ್ಲ.

ವಾರಂಟಿ ಇಲ್ಲದೆಯೂ ಬಾಳಿಕೆ ಬಂದ ಮಾದರಿ ಬೇಕೆಂದವರಿಗೆ ನಮ್ಮ ಅಂಗಡಿಯಲ್ಲಿ ಒಂದು ಹಳೆಯ ದಾಸ್ತಾನಿದೆ. 2013ರ ಮಾರ್ಚ್‌ನಲ್ಲಿ ತಂತ್ರಾಂಶದ ಹೊಸ ಆವೃತ್ತಿ ಬರೆದ ಬ್ಲಾಕನ್ನು ಹಳೆಯ ಆವೃತ್ತಿ ಒಪ್ಪದೆ ಬಿಟ್‌ಕಾಯಿನ್ ಕವಲೊಡೆಯಿತು. ಗಣಿಗಾರರು ಹಳೆಯದಕ್ಕೇ ಮರಳಿ ಕೆಲವು ಗಂಟೆಗಳಲ್ಲಿ ಸರಿಪಡಿಸಿದರು, 24 ಬ್ಲಾಕ್ ವ್ಯರ್ಥವಾದವು. ಅಲ್ಲಿಂದೀಚೆಗೆ ಅದು ಹಾಗೆ ಕೆಟ್ಟು ನಿಂತದ್ದಿಲ್ಲ. ವೇಗ ಸೆಕೆಂಡಿಗೆ ಏಳರ ಆಸುಪಾಸು, ಮಾರುಕಟ್ಟೆ ಮೌಲ್ಯದಲ್ಲಿ ಈಗಲೂ ಅದೇ ಮೊದಲನೆಯದು.